ಬಸವಣ್ಣೆಮ್ಮನ ಕಂಪ್ಯೂಟರ್

ಮಸ್ಕಿಯ ಬಸವಣ್ಣೆಮ್ಮನ ಮನೆಯ ಕಂಪ್ಯೂಟರ್ ಪದೇ ಪದೇ ಬಂದ್ ಆಗುತ್ತದೆ, ಅವಳ ಬಳಿ ಅದಕ್ಕೆ ಕಾರಣಗಳಿಗೆ ಬರವಿಲ್ಲ: ಇವತ್ತು ಎದುರುಮನೆಯವಳ ದೃಷ್ಟಿ, ನಾಳೆ ಪಕ್ಕದವರ ಮಿಕ್ಸರ್, ನಾಡಿದ್ದು ಅಮಾವಾಸ್ಯೆ. ಪರದೆ ಕಪ್ಪಾದರೆ ಡಬ್ಬದ ಬೆನ್ನು ತಟ್ಟುತ್ತಾಳೆ, ವಿಭೂತಿ ಹಚ್ಚುತ್ತಾಳೆ, ಅದಕ್ಕೂ ಬಗ್ಗದಿದ್ದರೆ ಸಿಂಧನೂರಿನ ರಿಪೇರಿ ಮಂಜೂರನಿಗೆ ಫೋನ್ ಮಾಡುತ್ತಾಳೆ: "ಬಾರೋ ತಮ್ಮಾ, ಮತ್ತ ಕಣ್ಣು ಮುಚ್ಚೇತಿ." ಅವನು ಧೂಳು ಊದಿ, ಚಾಲೂ ಮಾಡಿ ಹೊರಟರೆ, ಬಸ್ಸು ಊರು ದಾಟುವಷ್ಟರಲ್ಲಿ ಮತ್ತೆ ಅದೇ ಕತೆ. ತೀರಿಕೊಂಡ ಮಗಳು ವಿಜಯಶ್ರೀ ಹಾಡಿದ್ದೆಲ್ಲ ಅದರಲ್ಲೇ ಇದೆ. "ಪೆನ್‌ಡ್ರೈವ್‌ಗೆ ಹಾಕಿ ಕೊಡ್ತೀನ್ರೀ ಅವ್ವಾ" ಎಂದು ಮಂಜೂರ್ ಹೇಳಿದರೆ, "ನನ್ನ ಮಗಳನ್ನ ಕಿಸೇದಾಗ ಇಟ್ಕೊಂಡು ಅಡ್ಡಾಡ್ಲೇನು?" ಎಂದು ಸಿಡುಕುತ್ತಾಳೆ. ಒಂದು ದಿನ ಮಂಜೂರ್ ಹೇಳದೆ ಬಂದಾಗ ಕಂಪ್ಯೂಟರಿಗೆ ವಿಜಯಶ್ರೀಯ ಕೌದಿ ಹೊದಿಸಿತ್ತು. "ಗಾಳಿ ಆಡಲ್ದ ಕಾಯ್ದು ಬಂದ್ ಆಗಾಕತ್ತೈತ್ರೀ, ಹೊದಿಸಬ್ಯಾಡ್ರಿ" ಎಂದ. "ಹೊದಿಕಿ ಇಲ್ಲಂದ್ರ ಅಕಿಗೆ ನಿದ್ದಿನೇ ಹತ್ತತಿದ್ದಿಲ್ಲಪಾ" ಎಂದಳು ಬಸವಣ್ಣೆಮ್ಮ. ಆದರೂ ಅಂದಿನಿಂದ ಅವಳು ಕೌದಿಯನ್ನು ಮಡಚಿಟ್ಟಿದ್ದಾಳೆ. ಹಾಡು ಮುಗಿಯುವವರೆಗೂ, ಜ್ವರದಲ್ಲಿ ಬೇಯುತ್ತಿದ್ದ ಮಗಳಿಗೆ ಬೀಸಿದ ಹಾಗೆಯೇ, ಕಂಪ್ಯೂಟರಿನ ಪಕ್ಕದಲ್ಲಿ ಕೂತು ಕೈ ಬದಲಿಸುತ್ತ ಬೀಸಣಿಕೆ ಬೀಸುತ್ತಾಳೆ.