ಜಾಗದ ಮಾಲೀಕರಿಗೆ ವಿಸಿಟರ್ ಟ್ಯಾಗ್

ಸೋಮವಾರ ಬೆಳಿಗ್ಗೆ ನಮ್ಮ ಆಫೀಸಿನ ಜಾಗದ ಮಾಲೀಕರು, ರಾಜಣ್ಣ, ನನ್ನ ಕ್ಯಾಬಿನ್ನಿಗೆ ಬಂದರು. ಕೊರಳಲ್ಲಿ ವಿಸಿಟರ್ ಟ್ಯಾಗ್. ಕೈಯಲ್ಲಿ ಕೇಸರಿಬಾತ್ ಡಬ್ಬಿ.

"ನೆನ್ನೆ ನೆಂಟ್ರಿಗೆ ಅಂತ ಮಾಡಿದ್ದು. ಉಳ್ಕಂತು ಸಾರ್."

ಯಾಕೆ ಉಳಿಯಿತು? ನನ್ನಿಂದ.

ಪಟ್ಟಂದೂರು ಅಗ್ರಹಾರದಲ್ಲಿ ರಾಜಣ್ಣ ಕಟ್ಟಿಸಿದ ಬಿಲ್ಡಿಂಗಿನಲ್ಲಿ ನಮ್ಮ ಪುಟ್ಟ ಕಂಪನಿ ಇದೆ. (ಅಂಕಣ ಬರೆದು ಹೊಟ್ಟೆ ತುಂಬುವುದಿಲ್ಲ ಸ್ವಾಮಿ.) ಬಿಲ್ಡಿಂಗಿನ ಹಿಂದೆಯೇ ಅವರ ಮನೆ. ಅಲ್ಲಿಗೆ ಹೋಗಲು ಇರುವುದು ಒಂದೇ ದಾರಿ, ನಮ್ಮ ಗೇಟಿನೊಳಗಿಂದ.

ಲೀಸ್ ಮಾತುಕತೆಯಲ್ಲಿ ಅವರು, "ಇರಾದು ಒಂದೇ ದಾರಿ, ಇಬ್ರೂ ಓಡಾಡ್ಕಂಡಿರಾಣ ಬುಡಿ" ಅಂದಿದ್ದರು. ನಾನು ತಲೆಯಾಡಿಸಿದೆ. ಆದರೆ ಅಗ್ರಿಮೆಂಟಿನಲ್ಲಿ ಗೇಟು, ದಾರಿ ಎರಡೂ ಕಂಪನಿಯ ಬಳಕೆಗೆ ಮಾತ್ರ ಎಂದು ಬರೆಸಿದೆ. ಕ್ಲೈಂಟ್ ಕಾರು ನಿಲ್ಲಬೇಕಲ್ಲ? ಮಾತು ಆಗಿದೆಯಲ್ಲ ಎಂದು ರಾಜಣ್ಣ ಓದದೆ ಸಹಿ ಹಾಕಿದರು.

ಆಮೇಲೆ ಗಾರ್ಡ್ ಇಟ್ಟೆ. ಟ್ಯಾಗ್ ಇಲ್ಲದೆ ಯಾರನ್ನೂ ಬಿಡಬೇಡ ಅಂದೆ. ರಾಜಣ್ಣನ ಮನೆಯವರೂ ನಗುತ್ತಲೇ ಟ್ಯಾಗ್ ಹಾಕಿಕೊಂಡರು. ನಕ್ಕರಲ್ಲ ಎಂದು ನಾನೂ ಸುಮ್ಮನಿದ್ದೆ.

ಭಾನುವಾರ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾರೆ. ಗಾರ್ಡ್ ಅಡ್ಡ ನಿಂತ. "ಇದು ಪೂರಾ ಕಂಪನಿ ಜಾಗ ಸಾರ್. ಇವತ್ತು ರಜ."

ರಾಜಣ್ಣ ಓಡಿ ಬಂದು ಬೇಡಿಕೊಂಡರೂ ಅವನು ನನ್ನನ್ನೇ ಕೇಳಬೇಕೆಂದು ಫೋನ್ ಮಾಡಿದ. ನಾನು ಎತ್ತಲಿಲ್ಲ. (ಭಾನುವಾರ ಆಫೀಸ್ ಕಾಲ್ ಎತ್ತುವುದಿಲ್ಲ ಎನ್ನುವುದು ನನ್ನ ಇನ್ನೊಂದು ರೂಲ್.)

ಹುಡುಗನ ಸೋದರಮಾವ ಕೇಳಿದರಂತೆ: "ಸ್ವಂತ ಬಿಲ್ಡಿಂಗು ಅಂದ್ರಿ. ಗೇಟ್ ತೆಗ್ಸಕ್ಕೂ ಯಾರನ್ನೋ ಕೇಳ್ಬೇಕೇನ್ರೀ?" ಕಾರು ತಿರುಗಿಸಿಕೊಂಡು ಹೋಗಿಬಿಟ್ಟರಂತೆ.

ಇಷ್ಟನ್ನೂ ರಾಜಣ್ಣ ದನಿ ಏರಿಸದೆ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ. ವಕೀಲರು ಇದನ್ನು ದಾರಿ ಹಕ್ಕು ಅನ್ನುತ್ತಾರೆ. ಬೇರೆ ದಾರಿಯಿಲ್ಲದ ಮನೆಗೆ ದಾರಿ ಬಿಡು ಅಂತ ಹೇಳಲು ನನಗೆ ವಕೀಲರು ಬೇಕಿತ್ತೇ?

"ನಾನೇ ಅವರ ಮನೆಗೆ ಹೋಗಿ ಹೇಳ್ತೀನಿ ರಾಜಣ್ಣ, ತಪ್ಪು ನಂದು ಅಂತ."

"ಬ್ಯಾಡ ಸಾರ್. ನೀವ್ ಬಂದು ಯೋಳಿದ್ರೆ, ಜಾಗ ನಿಮ್ದೇ ಅಂತ ಗ್ಯಾರಂಟಿ ಮಾಡ್ಕತಾರೆ."

ಹೋಗುವಾಗ ಟ್ಯಾಗನ್ನು ಬಿಚ್ಚಿ, ಜೋಪಾನವಾಗಿ ಗಾರ್ಡ್ ಕೈಗೆ ಕೊಟ್ಟರು.

ಅಗ್ರಿಮೆಂಟ್ ತಿದ್ದಿಸಿದ್ದೇನೆ. ಗೇಟು ಈಗ ಹಗಲೆಲ್ಲ ತೆರೆದೇ ಇರುತ್ತದೆ. ಆದರೆ ದಿನಾ ಬೆಳಿಗ್ಗೆ ಆ ಹುಡುಗಿ ನನ್ನ ಕಿಟಕಿಯ ಮುಂದೆಯೇ ಕೆಲಸಕ್ಕೆ ಹೋಗುತ್ತಾಳಲ್ಲ, ಆಗ ನಾನು ಎಲ್ಲಿ ಅವಿತುಕೊಳ್ಳಲಿ?