ನಾಳೆ ಅಂದರೆ ನಿನ್ನೆ

ಆನ್‌ಲೈನ್‌ನಲ್ಲಿ ತರಿಸಿದ ಕುರ್ತಾದ ಪ್ಯಾಕೆಟ್ಟನ್ನು ಮೊನ್ನೆ ಕತ್ತರಿಸಿದಾಗ ಹೊಸ ಬಟ್ಟೆಯ ಗಂಜಿ, ಇಸ್ತ್ರಿಯ ಬಿಸಿ ಆವಿ, ಅದರಡಿಯಲ್ಲಿ ಎಣ್ಣೆ ಕಲೆ ತೆಗೆಯುವ ದ್ರಾವಣದ ಸಣ್ಣ ಘಾಟು... ಎಲ್ಲ ಒಟ್ಟಿಗೆ ಮೂಗಿಗೆ ಬಂದವು. ಆವಿ ಬಂದಿರಲಾರದು. ಅದನ್ನು ನಾನೇ ಸೇರಿಸಿಕೊಂಡೆ. ಮುಂದೆ ಬರೆಯುವುದರಲ್ಲೂ ಹೀಗೆ ಕೆಲವು ಸೇರಿರಬಹುದು, ಎಲ್ಲೆಲ್ಲಿ ಎಂದು ನನಗೇ ಖಾತ್ರಿಯಿಲ್ಲ. ಘಾಟು ಮಾತ್ರ ನಿಜ. ಅದರ ಹಿಂದೆಯೇ ಆಪಾ ಬಂದರು.

ಗರುಡಾಚಾರ್‌ಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್ ಮುಂದೆ ನನ್ನ ಪಕ್ಕ ನಿಲ್ಲುತ್ತಿದ್ದವರು ಅವರು. ಶಿವಾಜಿನಗರದವರು, ನನಗಿಂತ ತುಂಬ ದೊಡ್ಡವರು. ಅಕ್ಕನಿಗೆ ಅವರ ಕಡೆ ಆಪಾ ಅನ್ನುತ್ತಾರೆ. ನಾವೂ ಹಾಗೇ ಕರೆದೆವು. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ನೋಡಿ, ಕಾಲರ್ ಸೊಟ್ಟಗಿದ್ದರೆ, ಹೊಲಿಗೆ ಬಿಟ್ಟಿದ್ದರೆ, ಅಲ್ಲಿಗೆ ಬಾಣದ ಗುರುತಿನ ಕೆಂಪು ಸ್ಟಿಕ್ಕರ್ ಅಂಟಿಸುವುದು ನಮ್ಮ ಕೆಲಸ.

ಆಪಾ ಮನೆಯಲ್ಲಿ ಆಡುವ ದಖನಿ ಉರ್ದುವಿನಲ್ಲಿ ನಿನ್ನೆಗೂ ನಾಳೆಗೂ ಒಂದೇ ಮಾತು, ಕಲ್. ಆಗಿಹೋದದ್ದೋ ಆಗಬೇಕಾದ್ದೋ ಎಂಬುದನ್ನು ಕೊನೆಗೆ ಬರುವ ಕ್ರಿಯಾಪದ ಹೇಳುತ್ತದೆ. ಕನ್ನಡಕ್ಕೆ ಬಂದಾಗ ಅವರು ಎರಡರಲ್ಲಿ ಬಾಯಿಗೆ ಸಿಕ್ಕಿದ್ದನ್ನು ಆಡುತ್ತಿದ್ದರು. ಆ ಲಾಟ್ ಎಲ್ಲಿ ಎಂದು ಸೂಪರ್‌ವೈಸರ್ ಕೇಳಿದರೆ, "ನಾಳೆನೇ ಹೋಯ್ತಲ್ಲ ಸಾರ್" ಎಂಬ ಉತ್ತರ. ಇಡೀ ಟೇಬಲ್ ನಗುತ್ತಿತ್ತು. ನಿನ್ನೆ ರಜ ಹಾಕ್ತೀರಾ ಆಪಾ ಎಂದು ಯಾರಾದರೂ ಛೇಡಿಸಿದರೆ ಅವರು ತಲೆ ಎತ್ತದೆ ಹೇಳುತ್ತಿದ್ದರು: "ಹೋಗಿದ್ದೂ ನಮ್ ಕೈಲಿಲ್ಲ, ಬರೋದೂ ನಮ್ ಕೈಲಿಲ್ಲ. ಎರಡಕ್ಕೂ ಬೇರೆ ಬೇರೆ ಹೆಸರು ಯಾಕಮ್ಮಾ ನಿಮ್ಗೆ? ಪೀಸ್ ನೋಡು, ಪೀಸ್."

ಇಬ್ಬರೂ ಕೆಲಸ ಬಿಟ್ಟ ಮೇಲೆ ಫೋನಿನಲ್ಲಿ ನಮ್ಮದೊಂದು ಆಟ ಶುರುವಾಯಿತು. ಶಾಪಿಂಗ್ ಆ್ಯಪಿನಲ್ಲಿ ಕುರ್ತಾಗಳ ಫೋಟೋ ಹುಡುಕಿ ಒಬ್ಬರಿಗೊಬ್ಬರು ಕಳಿಸುವುದು, ಹಿಗ್ಗಿಸಿ ನೋಡಿ ತಪ್ಪು ಹಿಡಿಯುವುದು. ಕೊಳ್ಳುತ್ತಿದ್ದದ್ದು ಅಪರೂಪ. ಇದೆಂಥ ಖುಷಿ ಅಮ್ಮಾ ನಿಮ್ಮದು ಎಂದು ನನ್ನ ಮಗಳು ಕೇಳುತ್ತಿದ್ದಳು. ಆಪಾಗೆ ಓದು ಬರಹ ಬಾರದು. ಅವರ ತೀರ್ಪು ವಾಯ್ಸ್ ಮೆಸೇಜಿನಲ್ಲೇ ಬರಬೇಕು. "ರಿಜೆಕ್ಟ್. ಎಡಗೈ ಉದ್ದ." ಅಡುಗೆಮನೆಯಲ್ಲಿ ಕೂತು ನಾನು ಅದನ್ನು ಮತ್ತೆ ಮತ್ತೆ ಕೇಳುತ್ತಿದ್ದೆ.

ಆಮೇಲೆ ಅವರ ಕತ್ತಿನಲ್ಲಿ ಗಡ್ಡೆ ಬಂತು. ತೆಗೆಯಬೇಕು, ದನಿಯ ನರ ಅದರ ಪಕ್ಕದಲ್ಲೇ ಇದೆ, ದನಿ ಹೋದರೂ ಹೋಗಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಅಷ್ಟು ಗೊತ್ತಿತ್ತು ನನಗೆ. ಯಾವತ್ತು ಎಂದು ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೆಸೇಜ್ ಬಂತು. ಒಡೆದ ದನಿ. "ನಾಳೆ ಆಪ್ರೇಶನ್. ಬಾ." ಅಷ್ಟೇ.

ನಾನು ಒಲೆ ಆರಿಸಿ ನಿಂತುಬಿಟ್ಟೆ. ಅವರ ನಾಳೆ ಎಂದರೆ ನಿನ್ನೆಯೂ ಆಗಬಹುದು. ಹಾಗಿದ್ದರೆ ಆಪರೇಷನ್ ಮುಗಿದಿದೆ, ಇಷ್ಟಾದರೂ ದನಿ ಉಳಿದಿದೆ. ನಿಜವಾಗಿ ನಾಳೆಯೇ ಆಗಿದ್ದರೆ? ಈ ಒಡಕು ರೋಗದ್ದು, ಈ ಮೂರು ಮಾತೇ ಕೊನೆಯವಾಗಬಹುದು. ಅವರು ಈ ಸಲವೂ ತಪ್ಪು ಹೇಳಿರಲಿ ಎಂದು ಬೇಡಿಕೊಂಡೆ. ಫೋನ್ ಮಾಡಿದರೆ ಸ್ವಿಚ್ ಆಫ್. ಯಾವ ಆಸ್ಪತ್ರೆ ಎಂಬುದೂ ತಿಳಿಯದು.

ರಾಮಮೂರ್ತಿ ನಗರದಿಂದ ಶಿವಾಜಿನಗರಕ್ಕೆ, ಅವರ ಮನೆಗೆ, ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಆ ಮೆಸೇಜನ್ನೇ ಕಿವಿಗಿಟ್ಟುಕೊಂಡಿದ್ದೆ. ಹಲಸೂರಿನ ಹತ್ತಿರ ಬಸ್ಸು ಸಿಕ್ಕಿಹಾಕಿಕೊಂಡಿತು. ಎದುರಿನ ಸೀಟಿನ ಹೆಂಗಸು ತಿರುಗಿ, ಯಾಕಮ್ಮಾ ಹುಷಾರಿಲ್ವಾ ಎಂದು ಕೇಳಿದರು... ಅಥವಾ ಅದು ಬೇರೆ ಯಾವತ್ತೋ.

ಬಾಗಿಲು ತೆರೆದವಳು ಅವರ ಸೊಸೆ. ಕಂಕುಳಲ್ಲಿ ಮಗು. ಅವಳಿಗೆ ಕನ್ನಡ ಅಷ್ಟಾಗಿ ಬಾರದು. ಆಪರೇಷನ್ ಯಾವಾಗ ಎಂದೆ. "ಕಲ್" ಎಂದಳು. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು, ಓಡಿದಳು.

ನಾನು ಹೊಸ್ತಿಲಲ್ಲಿ ಒಂದು ಕ್ರಿಯಾಪದಕ್ಕಾಗಿ ಕಾಯುತ್ತ ನಿಂತೆ. ಹೋಗಯಾ ಎಂದರೆ ಮುಗಿದಿದೆ. ಹೈ ಎಂದರೆ ಇನ್ನೂ ಇದೆ. ಒಳಗೆ ಪಾತ್ರೆ ಸದ್ದು, ಮಗುವಿನ ಅಳು. ಓಡಿಹೋಗಬೇಕು ಅನಿಸಿತು. ಕೇಳದಿದ್ದರೆ ಎರಡೂ ಇರುತ್ತವಲ್ಲ.

ಅವಳು ಸೆರಗಿಗೆ ಕೈ ಒರೆಸುತ್ತ ಬಂದಳು. "ಕಲ್ ಹೈ, ಆಂಟಿ."

ಆಸ್ಪತ್ರೆಯ ಹೆಸರು ಹೇಳಿ ದಾರಿ ತೋರಿಸಿದಳು. ಹೋದಾಗ ಆಪಾ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಪಕ್ಕದಲ್ಲಿ ಕೂತೆ. ಅವರು ನಕ್ಕರು.

"ಈ ಸಲ ಸರಿಯಾಗ್ ಹೇಳ್ದೆ, ನೋಡ್ದಾ? ಇಲ್ಲಿನ ಆಯಾ ಹತ್ರ ಕೇಳಿ ಕೇಳಿ ಕಲ್ತೆ. ತಪ್ಪು ಹೇಳ್ಬಿಟ್ರೆ ನೀನು ಲೇಟಾಗಿ ಬರ್ತೀಯ ಅಂತ."

ಅವರ ಅಂಗೈ ತಣ್ಣಗಿತ್ತು. ಹೆದರಿಕೆ ಆಗ್ತಿದೆಯಾ ಎಂದು ಕೇಳಿದೆ.

"ಜೀವಕ್ಕೆ ಅಲ್ಲ. ದನಿ ಹೋದ್ರೆ ಮೊಮ್ಮಗೂನ ಹೆಂಗ್ ಕರೀಲಿ? ಚಪ್ಪಾಳೆ ಹೊಡ್ದಾ?"

ಆಮೇಲೆ ಸಂಜೆಯವರೆಗೂ ಮಾತಾಡಿದರು. ಟೇಬಲ್ಲಿನ ಹಳೇ ಜಗಳಗಳು, ಸತ್ತ ಗಂಡ, ಬಿರಿಯಾನಿಗೆ ಎಂಥ ಅಕ್ಕಿ ಬೇಕು... ಖಾಲಿ ಮಾಡಿಬಿಡುವವರ ಹಾಗೆ. ನಡುವೆ ನೀರು ಕುಡಿಯುತ್ತಿದ್ದರು, ಮತ್ತೆ ಶುರು. ರೆಕಾರ್ಡ್ ಮಾಡಿಕೊಳ್ಳಬೇಕು ಎಂದು ನನಗಾಗಲಿ ಅವರಿಗಾಗಲಿ ಹೊಳೆಯಲಿಲ್ಲ. ಮಾಡಿದ್ದರೆ ದನಿ ಹೋಗುತ್ತದೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತೇನೋ.

ದನಿ ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಒಮ್ಮೆ ನೋಡಲು ಹೋಗಿದ್ದಾಗ ಮೊಮ್ಮಗು ಅಜ್ಜಿಯ ಮುಖ ನೋಡದೆ ಆಡುತ್ತಲೇ ಇತ್ತು. ಆಪಾ ಚಪ್ಪಾಳೆ ಹೊಡೆಯಲಿಲ್ಲ. ಎದ್ದು ಹೋಗಿ ಅದರ ಬೆನ್ನು ಮುಟ್ಟಿದರು. ಕುರ್ತಾಗಳ ಫೋಟೋ ಮಾತ್ರ ಬರುತ್ತಲೇ ಇದ್ದವು, ತಪ್ಪಿದ್ದ ಕಡೆ ಬೆರಳಲ್ಲಿ ಎಳೆದ ಕೆಂಪು ಸುತ್ತಿನೊಂದಿಗೆ. ಗಡ್ಡೆ ಮತ್ತೆ ಬಂತು. ಕೆಂಪು ಸುತ್ತುಗಳೂ ನಿಂತವು. ಆಪಾ ಹೋದರೆಂದು ಸೊಸೆ ಫೋನ್ ಮಾಡಿ ಹೇಳಿದಾಗ ಅವಳ ವಾಕ್ಯದಲ್ಲಿ ಕಲ್ ಇತ್ತೋ ಇಲ್ಲವೋ ನೆನಪಿಲ್ಲ.

ಆ ಹಳೇ ಮೆಸೇಜುಗಳು ಈಗ ಇಲ್ಲ. ಫೋನ್ ಬದಲಾಯಿಸಿದಾಗ ಹೋದವು. ಮಗಳು ಏನೇನೋ ಮಾಡಿ ನೋಡಿದಳು, ಸಿಗಲಿಲ್ಲ. ಆ ದನಿ ತಲೆಯಲ್ಲಿ ಇದೆಯಲ್ಲ ಎಂದುಕೊಂಡಿದ್ದೆ.

ಈಗಲೂ ಆಪಾ ಮಾತಾಡುತ್ತಾರೆ, ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ. ನೀರು ಜಾಸ್ತಿ ಬಿಡಬೇಡ ಅನ್ನುತ್ತಾರೆ, ಸೊಂಟ ನೋವಾ ಎಂದು ಕೇಳುತ್ತಾರೆ. ಆದರೆ ಇತ್ತೀಚೆಗೆ ಅವರ ಕನ್ನಡದಲ್ಲಿ ತಪ್ಪೇ ಇರುವುದಿಲ್ಲ. ನಾನು ಕೈ ನಿಲ್ಲಿಸಿ ಕಿವಿಗೊಟ್ಟು ಕೇಳುತ್ತೇನೆ, ಎಲ್ಲಾದರೂ ಒಂದು ಕಡೆ ತಪ್ಪಲಿ ಎಂದು ಕಾಯುತ್ತೇನೆ. ತಪ್ಪುವುದಿಲ್ಲ. ಎಲ್ಲ ಸರಿಯಾಗಿದೆ, ಎಲ್ಲವೂ ನನ್ನದೇ ಮಾತು, ನನ್ನದೇ ದನಿ.