ಬೀರಮ್ಮ ಬಾವಿಯ ಬಳಿ ಹೇಳಿದ್ದು

ಪವಿತ್ರಾತ್ಮ ನನಗೆ ಏನನ್ನೂ ತಿಳಿಸಿರಲಿಲ್ಲ. ಬೀರಮ್ಮನ ಮನೆಯ ಸಂಗತಿಯನ್ನು ಬೀರಮ್ಮನೇ ನನಗೆ ಹೇಳಿದ್ದಳು — ಬಾವಿಯ ಬಳಿ, ಹಾಡುಹಗಲಲ್ಲಿ, ನನ್ನ ಎರಡೂ ಕೈ ಹಿಡಿದುಕೊಂಡು. ಅದನ್ನು ನಾನು ಮಕ್ತಲದ ನಮ್ಮ ಇದೇ ಹೆಂಗಸರ ಕೂಟದಲ್ಲಿ ಪ್ರಾರ್ಥನೆ ಎಂದು ಹೇಳಿಬಿಟ್ಟೆ. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದಾಗ, ಆತ್ಮ ಹೇಳಿಸಿತು ಎಂದೆ. ಐವತ್ತು ವರ್ಷ ಆ ಸುಳ್ಳಿನ ಮೇಲೆ ಮೊಣಕಾಲೂರಿದ್ದೇನೆ. ನಿಮ್ಮಲ್ಲಿ ಅರ್ಧ ಜನರ ತಲೆಯ ಮೇಲೆ ಕೈಯಿಟ್ಟಿದ್ದೇನೆ.

ಬಾಯಲ್ಲಿ ಹೇಳಬಹುದಿತ್ತಲ್ಲ, ಬರೆಯುವುದೇಕೆ ಎನ್ನುತ್ತೀರಿ. ಬಾಯಿ ತೆರೆದರೆ ನನ್ನ ಮಾತು ಈಗ ತಾನಾಗಿ ಚಂದವಾಗಿಬಿಡುತ್ತದೆ — ದನಿ ನಡುಗುತ್ತದೆ, ನಿಮಗೂ ಅಳು ಬರುತ್ತದೆ, ತಪ್ಪು ಎಲ್ಲೋ ಕರಗಿಹೋಗುತ್ತದೆ. ಈ ವಯಸ್ಸಿನಲ್ಲಿ ನನ್ನ ಬಾಯಿಯನ್ನು ನಾನೇ ನಂಬಲಾರೆ. ಅದಕ್ಕೇ ಕಾಗದ ಹಿಡಿದು ಕುಳಿತಿದ್ದೇನೆ, ಎರಡು ಸಲ ಹರಿದು ಹಾಕಿದ್ದೇನೆ.

ನೀವು ನಂಬಲಿಕ್ಕಿಲ್ಲ, ಆ ಕಾಲದಲ್ಲಿ ಪ್ರಾರ್ಥನೆ ಎಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ನಿಜಾಮ ಸರ್ಕಾರದ ದಿನಗಳು. ಕೃಷ್ಣೆಯ ಆಚೆ ದಂಡೆಯ ರಾಯಚೂರು ಸೀಮೆಯವಳು ನಾನು; ಮಕ್ತಲದ ಮಿಷನ್ ಶಾಲೆಯ ಮಾಸ್ತರರನ್ನು ಮದುವೆಯಾಗಿ ಈ ಕಡೆ ಬಂದೆ. ಇಲ್ಲಿ ಕಚೇರಿಗೆ ಉರ್ದು, ದೇವರಿಗೆ ತೆಲುಗು, ಒಲೆಯ ಮುಂದೆ ಕನ್ನಡ. ಸಂತೆಯ ತೆಲುಗು ನನಗೆ ಬರುತ್ತಿತ್ತು, ಬದನೆಕಾಯಿ ಚೌಕಾಸಿಗೆ ಏನೂ ಕಡಿಮೆಯಿರಲಿಲ್ಲ. ಪ್ರಾರ್ಥನೆಯ ತೆಲುಗು ಮಾತ್ರ ಬೇರೆಯೇ — ಉದ್ದುದ್ದ ಪುಸ್ತಕದ ಮಾತು. ಬಂದ ಹೊಸದರಲ್ಲಿ ಒಮ್ಮೆ ಧೈರ್ಯ ಮಾಡಿ ಶುರುಮಾಡಿದೆ. ಮೂರನೆಯ ಮಾತಿಗೇ ಕನ್ನಡ ನುಗ್ಗಿತು, ಯಾರೋ ಕಿಸಕ್ಕನೆ ನಕ್ಕರು. ಅವತ್ತೇ ಬಾಯಿಗೆ ಬೀಗ ಬಿತ್ತು.

ಬುಧವಾರ ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ಕೂಟ. ಚಾಪೆಯ ಮೇಲೆ ಸುತ್ತಲೂ ಕುಳಿತು, ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ, ಒಬ್ಬಳಾದ ಮೇಲೆ ಒಬ್ಬಳು ಗಟ್ಟಿಯಾಗಿ ಪ್ರಾರ್ಥಿಸಬೇಕು. ಸರಪಳಿ ಪ್ರಾರ್ಥನೆ ಅನ್ನುತ್ತಿದ್ದೆವು, ಈಗಲೂ ಅನ್ನುತ್ತೇವೆ. ಸರಪಳಿ ನನ್ನ ಹತ್ತಿರ ಬರುತ್ತಿದ್ದ ಹಾಗೆ ನಾನು ಆಮೆನ್‌ಗಳನ್ನು ಎಣಿಸುತ್ತಿದ್ದೆ — ಇನ್ನು ನಾಲ್ವರು, ಇನ್ನು ಇಬ್ಬರು. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ನನ್ನ ಸರದಿಗೆ ಕೋಣೆಯೆಲ್ಲ ಸ್ತಬ್ಧ. ಆಗ ನನ್ನ ಪಕ್ಕದ ಬೀರಮ್ಮ ಎರಡು ಉಸಿರು ಕಾದು, ತಾನೇ ಮತ್ತೆ ಶುರುಮಾಡಿಬಿಡುತ್ತಿದ್ದಳು. ತನ್ನ ಸರದಿ ಮುಗಿದಿದ್ದರೂ ನನ್ನದನ್ನೂ ಅವಳೇ ಎತ್ತಿಕೊಳ್ಳುತ್ತಿದ್ದಳು. ಪಾದ್ರಿಗಳ ಹೆಂಡತಿ, ನಾವೆಲ್ಲ ಅಮ್ಮಗಾರು ಅನ್ನುತ್ತಿದ್ದವರು, ತಹಸೀಲ್ ಕಚೇರಿಗೂ ಇಷ್ಟು ಅರ್ಜಿ ಬೀಳುವುದಿಲ್ಲ ಬೀರಮ್ಮ ಎಂದು ನಗುತ್ತಿದ್ದರು. ನನಗಾಗಿ ಮಾಡುತ್ತೇನೆಂದು ಅವಳು ಒಮ್ಮೆಯೂ ಬಾಯಿಬಿಟ್ಟವಳಲ್ಲ.

ಬೀರಮ್ಮ ಉಟ್ಕೂರ ಕಡೆಯ ಕುರುಬರ ಮನೆಯವಳು. ಗಂಡನ ಜೊತೆ ದೀಕ್ಷಾಸ್ನಾನ ತೆಗೆದುಕೊಂಡಿದ್ದಳು, ಆಮೇಲೆ ಗಂಡ ತೀರಿಕೊಂಡ. ಮಿಷನ್ನಿನವರು ಅವಳನ್ನು ಹಳ್ಳಿಹಳ್ಳಿಗೆ ಹೋಗಿ ಹೆಂಗಸರಿಗೆ ಹಾಡು, ಕಥೆ ಹೇಳುವ ಕೆಲಸಕ್ಕೆ ಇಟ್ಟುಕೊಂಡು, ಅಂಗಳದಲ್ಲೇ ಒಂದು ಕೋಣೆ ಕೊಟ್ಟಿದ್ದರು. ಎರಡು ಕೂಸುಗಳನ್ನು ಜ್ವರದಲ್ಲಿ ಕಳೆದುಕೊಂಡಿದ್ದಳು. ಉಳಿದದ್ದು ಎರಡು ವರ್ಷದ ರೂತಿ ಒಬ್ಬಳೇ.

ಒಂದು ಬುಧವಾರ ಅಮ್ಮಗಾರು, ಮುಂದಿನ ವಾರ ದೂರದಿಂದ ಮಿಷನ್ನಿನ ಬಿಳಿಯ ದೊರಸಾನಿ ಬರುತ್ತಾರೆ, ಪ್ರತಿಯೊಬ್ಬಳೂ ಪ್ರಾರ್ಥಿಸಬೇಕು, ಮಾಸ್ತರರ ಹೆಂಡತಿಯಂತೂ ತಪ್ಪಿಸುವಂತಿಲ್ಲ ಎಂದರು. ಮನೆಗೆ ಬಂದರೆ ನನ್ನ ಗಂಡನ ಕಾಟ. “ಸೊಪ್ಪಿನಾಕಿ ಜೋಡಿ ತಾಸುಗಟ್ಲೆ ಜಗಳ ಆಡಾಕ ಬಾಯಿ ಐತಿ. ದೇವರ ಮುಂದ ಏನಾಗ್ತದ ಆ ಬಾಯಿಗೆ?” ಎಂದು ಕೇಳಿದರು. ಅವರದೂ ತಪ್ಪಲ್ಲ, ಹೆಂಡತಿಗೆ ಪ್ರಾರ್ಥನೆ ಬಾರದ ಮಾಸ್ತರರೆಂದರೆ ಅವರಿಗೂ ತಲೆತಗ್ಗಿಸುವ ಮಾತು. ತೆಲುಗಿನಲ್ಲಿ ಒಂದು ಪ್ರಾರ್ಥನೆ ಬರೆದುಕೊಟ್ಟರು. ನಾನು ಗಿಳಿಯ ಹಾಗೆ ಬಾಯಿಪಾಠ ಮಾಡಿದೆ. ರೊಟ್ಟಿ ತಟ್ಟುವಾಗ ಅದೇ, ನೀರು ಸೇದುವಾಗ ಅದೇ.

ಆ ಹೊತ್ತಿಗಾಗಲೇ ರೂತಿಗೆ ಜ್ವರ ಹತ್ತಿತ್ತು. ಒಂಬತ್ತು ದಿನ ಇಳಿಯಲಿಲ್ಲ. ಕಂಪೌಂಡರನ ಔಷಧ ಆಯಿತು, ಪಾದ್ರಿಗಳು ಬಂದು ತಲೆ ಮುಟ್ಟಿ ಪ್ರಾರ್ಥಿಸಿದ್ದಾಯಿತು. ಕೂಸು ಕಣ್ಣು ಮೇಲೆ ಮಾಡತೊಡಗಿತ್ತು. ಹತ್ತನೆಯ ದಿನ ಜ್ವರ ಬಿಟ್ಟಿತು. ಸೋಮವಾರ ಬಾವಿಯ ಬಳಿ ಬೀರಮ್ಮ ನನ್ನ ಬಾಯಿಪಾಠ ಒಪ್ಪಿಸಿಕೊಂಡಳು, ತಪ್ಪಿದಲ್ಲಿ ತಿದ್ದಿದಳು. ಆಮೇಲೆ ಇದ್ದಕ್ಕಿದ್ದ ಹಾಗೆ ನನ್ನ ಕೈ ಹಿಡಿದುಕೊಂಡಳು. ಅವಳ ತಾಯಿ ಉಟ್ಕೂರಿಂದ ಸೆರಗಿನ ಗಂಟಿನಲ್ಲಿ ಮೈಲಾರಲಿಂಗನ ಭಂಡಾರ, ಗುಡಿಯ ಅರಿಸಿನಪುಡಿ, ತಂದಿದ್ದಳಂತೆ.

“ಹಣಿಗೆ ಹಚ್ಚೀನಿ ಸಾರವ್ವ. ನಾಲಿಗಿ ಮ್ಯಾಲೂ ಒಂದು ಚಿಟಿಕಿ ಇಟ್ಟೀನಿ. ಯಾರು ಉಳಿಸಿದ್ರೋ ನನಗ ಗೊತ್ತಿಲ್ಲ, ಕೂಸು ಉಳೀತು. ಹೊಟ್ಯಾಗ ಇಟ್ಕೋ ಇದನ್ನ.”

ಹಳೆಯ ದೇವರ ಅರಿಸಿನ ಮುಟ್ಟಿದರೆ ಸಭೆಯಲ್ಲಿ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಮೇಜಿನಿಂದ ಹೊರಗೆ. ಊರೂರಿಗೆ ಹೋಗಿ ಬೋಧಿಸುವವಳಿಗಂತೂ ಕೆಲಸವೂ ಇಲ್ಲ, ಕೋಣೆಯೂ ಇಲ್ಲ. ನಾನು ಯಾರ ಮುಂದೆ ಬಾಯಿಬಿಡಲಿ, ನನಗೆ ಬಾಯಿ ಎಲ್ಲಿದೆ ಎಂದೆ. ಇಬ್ಬರೂ ನಕ್ಕೆವು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಕೊಡ ಎತ್ತಿಕೊಂಡಳು.

ಬುಧವಾರ. ದೊರಸಾನಿ ಕುರ್ಚಿಯ ಮೇಲೆ, ನಾವು ಚಾಪೆಯ ಮೇಲೆ. ನನ್ನ ಪಕ್ಕ ಖಾಲಿ — ಬೀರಮ್ಮ ಇನ್ನೂ ಬಂದಿರಲಿಲ್ಲ. ಸರಪಳಿ ಶುರುವಾಯಿತು. ಇನ್ನು ಐವರು, ಇನ್ನು ಮೂವರು... ನನ್ನ ಸರದಿ ಬಂದಾಗ ಬಾಯಿಪಾಠದ ಮೊದಲ ಮಾತೇ ಇಲ್ಲ. ಹುಡುಕಿದೆ, ಇಲ್ಲ. ಕೋಣೆ ಕಾಯುತ್ತಿತ್ತು. ಯಾರೋ ಕೆಮ್ಮಿದರು. ಅಮ್ಮಗಾರು ಮೆಲ್ಲಗೆ ನನ್ನ ಹೆಸರು ಹಿಡಿದು ಕರೆದರು. ಆಗ ನನ್ನ ಬಾಯಿ ತಾನಾಗಿ ಕನ್ನಡದಲ್ಲಿ ತೆರೆಯಿತು.

“ಕರ್ತನೇ, ನಮ್ಮ ಬೀರಮ್ಮನ ಕೂಸನ್ನ ಉಳಿಸಿದಿ, ನಿನಗ ಸ್ತೋತ್ರ.”

ಯಾರೂ ನಗಲಿಲ್ಲ. ಹೌದು ಕರ್ತನೇ, ಎಂದು ಸುತ್ತಲೂ ದನಿಗಳು ಎದ್ದವು. ನನಗೆ ಮೈ ಹಗುರವಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ — ನಿಲ್ಲಿಸಬಹುದಿತ್ತು. ಕೂಸಿನ ಜ್ವರ ಹೇಳಿದೆ, ತಾಯಿಯ ಸಂಕಟ ಹೇಳಿದೆ, ಮಾತು ಒಂದರ ಬಾಲ ಹಿಡಿದು ಒಂದು ಬರುತ್ತಿತ್ತು. ಆಮೇಲೆ ಬಂತು:

“ಭಂಡಾರ ಹಚ್ಚಿದ ಆ ಕೈಯನ್ನ ಕ್ಷಮಿಸು ಕರ್ತನೇ.”

ಹೌದು ಕರ್ತನೇ ಎನ್ನುತ್ತಿದ್ದವರು ತಟ್ಟನೆ ನಿಂತರು. ಆ ಗಳಿಗೆಯಲ್ಲೇ ನನಗೆ ಗೊತ್ತಾಯಿತು. ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ, ಏಕೆಂದರೆ ನಾನು ಬರೆಯಲು ಕುಳಿತದ್ದೇ ಇದಕ್ಕಾಗಿ. ಬಾಯಿ ಜಾರಿದ್ದು ಒಂದೇ ಮಾತು. ಮುಂದಿನದೆಲ್ಲ ಜಾರಿದ್ದಲ್ಲ. ಕೋಣೆ ಮತ್ತೆ ಸ್ತಬ್ಧವಾಗಿತ್ತು, ಆದರೆ ಈ ಸಲ ಎಲ್ಲರೂ ನನ್ನ ಮುಂದಿನ ಮಾತಿಗಾಗಿ ಉಸಿರು ಹಿಡಿದಿದ್ದರು. ನನಗಾಗಿ! ಮೈಲಾರಲಿಂಗನ ಹೆಸರು ತೆಗೆದೆ, ನಾಲಿಗೆಯ ಮೇಲಿಟ್ಟ ಚಿಟಿಕೆಯನ್ನೂ ಬಿಡಲಿಲ್ಲ, ಅವಳ ಬಲಹೀನ ನಂಬಿಕೆಗಾಗಿ ಅತ್ತೆ. ಅಳು ನಿಜವಾದದ್ದೇ. ಅದರೊಳಗೆ ಒಂದಿಷ್ಟು ಹೊಟ್ಟೆಕಿಚ್ಚೂ ಇತ್ತು — ಅಷ್ಟು ಚಂದ ಪ್ರಾರ್ಥಿಸುವವಳು ಜಾರಿದಳು, ಈ ಮೂಕಿ ಜಾರಲಿಲ್ಲ ನೋಡು ಎಂಬ ಹಾಗೆ. ಇದನ್ನು ಇಲ್ಲಿಯವರೆಗೆ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಮುಗಿದ ಮೇಲೆ ಅಮ್ಮಗಾರು ನನ್ನನ್ನು ಅಪ್ಪಿಕೊಂಡರು. ಹೃದಯದಿಂದ ಬಂದ ಪ್ರಾರ್ಥನೆ ಎಂದು ದೊರಸಾನಿ ಹೇಳಿದರಂತೆ. ನನ್ನ ಗಂಡ ಆ ವಾರವೆಲ್ಲ ಊರಲ್ಲಿ ಎದೆ ಸೆಟೆಸಿಕೊಂಡು ತಿರುಗಾಡಿದರು.

ಶುಕ್ರವಾರ ಪಾದ್ರಿಗಳು ಕರೆಸಿ ಕೇಳಿದರು — ನೀನು ಕಣ್ಣಾರೆ ನೋಡಿದೆಯಾ, ಇಲ್ಲ ಯಾರಾದರೂ ಹೇಳಿದರಾ? ಸಾವಧಾನದಿಂದಲೇ ಕೇಳಿದರು. ಬೀರಮ್ಮನೇ ಅಳುತ್ತ ಹೇಳಿದಳು, ಗುಟ್ಟು ಎಂದು ಹೇಳಿದಳು ಎಂದರೆ ಸಾಕಿತ್ತು. ತಾನಾಗಿ ಒಪ್ಪಿಕೊಂಡವಳಿಗೆ ಅವರು ಕರುಣೆ ತೋರಿಸುತ್ತಿದ್ದರು, ಹಾಗೆ ಮಾಡಿದ್ದನ್ನು ನಾನೇ ನೋಡಿದ್ದೆ. ಆದರೆ ಹಾಗೆ ಹೇಳಿದರೆ ನಾನು ಗೆಳತಿಯ ಗುಟ್ಟು ಒಡೆದವಳಾಗುತ್ತೇನೆ. ನೆಲ ನೋಡುತ್ತ ಹೇಳಿದೆ:

“ನಾನು ಹೇಳಿದ್ದಲ್ಲ ಅಯ್ಯಗಾರು. ಆತ್ಮ ಹೇಳಿಸ್ತು.”

ಅವರ ಮುಖ ಬಿಳಿಚಿಕೊಂಡಿತು. ದೇವರೇ ಬಯಲು ಮಾಡಿದ ಪಾಪವೆಂದ ಮೇಲೆ ಪಾದ್ರಿಗಳಾದರೂ ಕರುಣೆ ಎಲ್ಲಿಂದ ತಂದಾರು? ಬೀರಮ್ಮನನ್ನು ಕರೆಸಿದರು. ಅವಳು ಹಚ್ಚಿದ್ದು ಹೌದು ಎಂದಳಂತೆ, ಬೇರೆ ಒಂದು ಮಾತೂ ಆಡಲಿಲ್ಲವಂತೆ. ಮೇಜಿನಿಂದ ಹೊರಗಿಟ್ಟರು. ಕೆಲಸ ಹೋಯಿತು, ಕೋಣೆ ಬಿಡಬೇಕಾಯಿತು. ಗದ್ವಾಲದ ಅಣ್ಣನ ಮನೆಗೆ ಹೊರಟಳು, ಅವನದು ಕಂಬಳಿ ನೇಯುವ ಕಸುಬು. ಅವಳ ಗಾಡಿ ನಮ್ಮ ಮನೆಯ ಮುಂದೆಯೇ ಹಾದುಹೋಯಿತು, ಒಂದು ಗಳಿಗೆ ನಿಂತ ಹಾಗೂ ಆಯಿತು. ನಾನು ಬಾಗಿಲ ಹಿಂದೆ ನಿಂತು ಗಾಲಿಯ ಸದ್ದು ದೂರವಾಗುವುದನ್ನು ಕೇಳಿಸಿಕೊಂಡೆ.

ಆಮೇಲಿನದು ನಿಮಗೆ ಗೊತ್ತು. ಆತ್ಮದ ಸಾರಮ್ಮ ಎಂದು ಹೆಸರಾಯಿತು. ನಾರಾಯಣಪೇಟೆಯ ನೇಕಾರರ ಕೇರಿಯಿಂದ ಕರೆ, ಗುಂಡುಮಾಲಿನಿಂದ ಕರೆ. ತಾಸುಗಟ್ಟಲೆ ಪ್ರಾರ್ಥಿಸುವುದು ಕಲಿತೆ, ತೆಲುಗಿನಲ್ಲೂ ಕಲಿತೆ. ಇನ್ನೊಬ್ಬರ ಸಂಗತಿಯನ್ನು ಮತ್ತೆಂದೂ ಬಯಲು ಮಾಡಲಿಲ್ಲ, ಅಷ್ಟು ಹೆದರಿಕೆಯಿತ್ತು. ಎಲ್ಲ ಗೊತ್ತಿದೆ ಎಂಬಂತೆ ಮುಖ ಮಾಡಿಕೊಂಡು ಕೂರುವುದನ್ನು ಮಾತ್ರ ಬಿಡಲಿಲ್ಲ. ಬಾಗಿಲಲ್ಲಿ ಅಪರಿಚಿತ ಹೆಂಗಸು ಕಂಡರೆ ಬೀರಮ್ಮನೇ ಬಂದಳೇನೋ ಎಂದು ಪ್ರಾರ್ಥನೆಯ ನಡುವೆಯೇ ಒಂದು ಕಣ್ಣು ತೆರೆದು ನೋಡುತ್ತಿದ್ದೆ. ನನ್ನ ಗಂಡ ಸಾಯುವವರೆಗೂ ಅವರಿಗೂ ಹೇಳಲಿಲ್ಲ.

ಹೋದ ತಿಂಗಳು ಹೊಸದಾಗಿ ಮದುವೆಯಾಗಿ ಬಂದ ಆ ಹುಡುಗಿ ಸರದಿ ಬಂದಾಗ ಬಾಯಿ ಬಿಡಲಾಗದೆ ನಡುಗಿದಳಲ್ಲ, ನೀವೆಲ್ಲ ಅವಳಿಗೆ, ಸಾರಮ್ಮನ ಸಾಕ್ಷಿ ಕೇಳು, ಧೈರ್ಯ ಬರುತ್ತದೆ ಎಂದಿರಿ. ನಾನು ಹೇಳಿದೆ. ಮೂಕಳಾಗಿದ್ದವಳ ಬಾಯನ್ನು ಆತ್ಮ ಹೇಗೆ ತೆರೆಯಿತು ಎಂದು, ಎಂದಿನ ಹಾಗೆಯೇ. ಅವಳು ನನ್ನ ಪಾದ ಮುಟ್ಟಲು ಬಂದಳು. ಮರುದಿನ ಬೆಳಿಗ್ಗೆ ನಾನು ಗದ್ವಾಲದ ಬಸ್ಸು ಹತ್ತಿದೆ.

ಬೀರಮ್ಮ ಇದ್ದಾಳೆ. ಕಣ್ಣು ಮಂಜು, ಕೈಗೆ ಮಾತ್ರ ಬಿಡುವಿಲ್ಲ, ಉಣ್ಣೆ ಹಿಂಜುತ್ತ ಕುಳಿತಿದ್ದಳು. ಹೆಸರು ಹೇಳಿದೆ, ಕೂಡು ಎಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಪಾದ್ರಿಗಳಿಗೆ ಹೇಳಿದ ಸುಳ್ಳಿನವರೆಗೆ ಎಲ್ಲವನ್ನೂ.

“ನಾ ಅವತ್ತ ಹೊರಗ ನಿಂತಿದ್ದೆ,” ಎಂದಳು. “ಕೂಸನ್ನ ಮಲಗಿಸಿ ಓಡಿ ಬಂದೆ. ಬಾಗಿಲ ತನ ಬಂದ್ರ ನಿನ್ನ ದನಿ. ನಮ್ಮ ಸಾರವ್ವ ಬಾಯಿ ಬಿಟ್ಟಳಲ್ಲ ಅಂತ ಖುಷಿ ಆಗಿ ಅಲ್ಲೇ ನಿಂತೆ, ನಡುವ ಒಳಗ ಬಂದು ಕೆಡಿಸಬಾರದು ಅಂತ. ಆಮ್ಯಾಲ ಭಂಡಾರದ ಮಾತು ಬಂತು.”

ಮತ್ತೆ ಯಾಕೆ ಪಾದ್ರಿಗಳ ಮುಂದೆ ನನ್ನ ಹೆಸರು ಎತ್ತಲಿಲ್ಲ ಎಂದು ಕೇಳಿದೆ. ನೀನೇ ಹೇಳುತ್ತಿ ಎಂದು ಕಾದೆ, ಎಂದಳು. ಗಾಡಿ ನಿಲ್ಲಿಸಿದ್ದೂ ಅದಕ್ಕೇ ಅಂತೆ. ಸ್ವಲ್ಪ ಹೊತ್ತು ಉಣ್ಣೆ ಹಿಂಜಿ, ತನಗಾದದ್ದು ಆಗಿಹೋಯಿತು, ಮಗಳ ಮಾತು ಬೇರೆ ಎಂದಳು. ರೂತಿ ಇವತ್ತಿಗೂ ಪ್ರಾರ್ಥನೆಗೆ ಕೂರುವುದಿಲ್ಲವಂತೆ. ತನ್ನ ಜೀವ ಉಳಿಸಲು ತಾಯಿ ಮಾಡಿದ್ದನ್ನು ದೇವರೇ ಚಾಡಿ ಹೇಳಿ, ತಾಯಿಯನ್ನು ಬೀದಿಗೆ ಹಾಕಿಸಿದ ಎಂದು ನಂಬಿದ್ದಾಳಂತೆ. ನಾನು ಇಷ್ಟು ವರ್ಷ ನನ್ನ ಸುಳ್ಳು ಬೀರಮ್ಮನೊಬ್ಬಳಿಗೇ ತಟ್ಟಿದೆ ಎಂದುಕೊಂಡಿದ್ದೆ.

“ಆಕಿಗೆ ಹೇಳು,” ಎಂದಳು ಬೀರಮ್ಮ. “ಆಮ್ಯಾಲ ಎಲ್ಲಿ ಹೇಳಿದ್ದಿ, ಅಲ್ಲಿ ಹೋಗಿ ಹೇಳು.”

ರೂತಿ ಒಳಗಿನಿಂದ ಬಂದಳು. ತಲೆ ನರೆತ ಹೆಂಗಸು. ನಾನು ಎದ್ದು ನಿಂತು, ಅವಳ ಮುಖ ನೋಡುತ್ತಲೇ ಹೇಳಿದೆ. ಅವಳು ಬಂದು ತಾಯಿಯ ಪಕ್ಕ ಕುಳಿತಳು. ಆಮೇಲೆ ಕೇಳಿದಳು.

“ಅಂದ್ರ ದೇವರು ಗೊತ್ತಿದ್ರೂ ಸುಮ್ಮನಿದ್ದನೇನ್ರಿ?”

“ಸುಮ್ಮನಿದ್ದ,” ಎಂದೆ. “ಬಾಯಿ ಬಿಟ್ಟಾಕಿ ನಾನು.”

ಕ್ಷಮಿಸಿದೆವು ಎಂದು ಅವರಿಬ್ಬರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಳೆ ಬುಧವಾರ. ಸರಪಳಿ ಶುರುವಾಗುವ ಮೊದಲೇ ಇದನ್ನು ನಿಮ್ಮ ಮುಂದೆ ಓದುತ್ತೇನೆ. ಆ ಹುಡುಗಿಯನ್ನು ಮುಂದೆ ಕೂರಿಸಿ, ಅವಳು ಪೂರ್ತಿ ಕೇಳಲಿ. ಓದಿ ಮುಗಿದ ಮೇಲೆ ನೀವು ನನಗೆ ಏನು ಬೇಕಾದರೂ ಅನ್ನಿ. ಆಮೆನ್ ಮಾತ್ರ ಅನ್ನಬೇಡಿ.